ಗ್ರಂಥಪಾಲಕನ ಧರ್ಮ

ವಿದ್ಯೆಯನ್ನು ಕಾಯತಕ್ಕವನ ಕರ್ತವ್ಯವು ಅದನ್ನು ಕಪಾಟಿನಲ್ಲಿ ಭದ್ರವಾಗಿರಿಸುವುದರಿಂದ ಮುಗಿಯುತ್ತದೆಯೋ, ಅಥವಾ ಬೇಕಾದವನ ಕೈಗೆ ಅದು ಮುಟ್ಟುವವರೆಗೂ ನಡೆಯುತ್ತದೆಯೋ ಎಂಬುದು ಹಳೆಯ ಪ್ರಶ್ನೆ. ಬೀದರಿನಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿಯೇ ಉಂಟು. ಬಹಮನೀ ರಾಜ್ಯದ ಮಂತ್ರಿಯಾದ ಮಹಮೂದ ಗವಾನನು 1472 ರಲ್ಲಿ ಕಟ್ಟಿಸಿದ ಮದರಸೆಯಲ್ಲಿ ಮೂರು ಸಾವಿರ ಹಸ್ತಪ್ರತಿಗಳ ಭಂಡಾರವಿತ್ತೆಂದು ಪ್ರಸಿದ್ಧಿ. 17 ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟದಿಂದ ಆ ಕಟ್ಟಡದ ಒಂದು ಭಾಗವು ಕುಸಿಯಿತು. ಇಂದು ಗೋಡೆಗಳಿವೆ, ಗ್ರಂಥಗಳಿಲ್ಲ. ಎಷ್ಟು ಗಟ್ಟಿಯಾದ ಗೋಡೆಯೂ ವಿದ್ಯೆಯನ್ನು ಉಳಿಸಲಾರದು. ಓದುವವನೇ ಅದರ ನಿಜವಾದ ಆಶ್ರಯ. ಎಸ್. ಆರ್. ರಂಗನಾಥನ್ ಅವರು 1931 ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದು, ಗ್ರಂಥಗಳಿರುವುದು ಉಪಯೋಗಕ್ಕಾಗಿ ಎಂಬುದೇ ಆಗಿದೆ.

ಈಗ ಆ ಉಪಯೋಗದ ಬಗೆಯೇ ಬದಲಾಗಿದೆ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು 2019 ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಮುಂದೆ ಅರಿವು ಕೇಂದ್ರಗಳೆಂಬ ಹೆಸರನ್ನು ಪಡೆದವು. 2020 ರಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವು ಆರಂಭವಾಯಿತು. ಬೀದರ, ಭಾಲ್ಕಿ, ಔರಾದಗಳ ಸೀಮೆಯಲ್ಲಿ ಹೊಲದ ಪಹಣಿ, ಮಗಳ ವಿದ್ಯಾರ್ಥಿವೇತನದ ಅರ್ಜಿ, ಪಿಂಚಣಿಗೆ ಬೇಕಾದ ಜೀವಂತ ಪ್ರಮಾಣಪತ್ರ, ಇವೆಲ್ಲವೂ ಇಂದು ಅಂತರ್ಜಾಲದ ಬಾಗಿಲಿನಿಂದಲೂ ಬರುತ್ತವೆ. ಆ ಬಾಗಿಲನ್ನು ತೆರೆಯಲರಿಯದವನು ಗ್ರಂಥಪಾಲಕನ ಮೇಜಿನ ಬಳಿ ಬಂದು ನಿಂತರೆ, ಇದು ಪುಸ್ತಕದ ಕೆಲಸವಲ್ಲವೆಂದು ಅವನನ್ನು ಹಿಂದಕ್ಕೆ ಕಳುಹಿಸುವುದು ನ್ಯಾಯವೆ?

ನ್ಯಾಯವಲ್ಲ, ಏಕೆಂದರೆ ಸಾಧನವು ಬದಲಾದರೂ ಉದ್ದೇಶವು ಬದಲಾಗಿಲ್ಲ. ನಿಜಾಮನ ಆಳ್ವಿಕೆಯಲ್ಲಿ ಉರ್ದುವೇ ಆಡಳಿತದ ನುಡಿಯಾಗಿದ್ದಾಗ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ಸೀಮೆಯ ಮನೆಮಾತು. ಕಲಿಯುವವನು ಬಾಗಿಲಲ್ಲಿ ಕೆಡದಂತೆ ಕಲಿಸುವವನೇ ದಾರಿಯನ್ನು ಕಂಡುಕೊಳ್ಳಬೇಕೆಂಬುದು ಅದರ ತಾತ್ಪರ್ಯ.

ಹಿಂಜರಿಯುವವನು ಮೂಢನಲ್ಲ. ಮಣ್ಣನ್ನು ಹಿಡಿಯಲ್ಲಿ ಹಿಡಿದು ತೊಗರಿಯ ಬಿತ್ತನೆಗೆ ಹದವಾಯಿತೆ ಎಂದು ಹೇಳಬಲ್ಲ ರೈತನು ಯಂತ್ರದ ಮುಂದೆ ಮೂಕನಾಗುತ್ತಾನೆ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ದಖನಿ, ಔರಾದದ ಗಡಿಯಲ್ಲಿ ಮರಾಠಿ. ಗಾಜಿನ ತೆರೆಯ ಮೇಲಾದರೋ ಇಂಗ್ಲಿಷು. ಮೇಲಾಗಿ, ಮೊಮ್ಮಗನ ವಯಸ್ಸಿನವರ ಎದುರಿನಲ್ಲಿ ತಪ್ಪುವೆನೆಂಬ ಲಜ್ಜೆ ಬೇರೆ. ಈ ಲಜ್ಜೆಯನ್ನು ಚೆನ್ನಾಗಿ ಬಲ್ಲವನು ನಿನ್ನೆ ಮೊನ್ನೆ ಕಲಿತ ಗ್ರಂಥಪಾಲಕನೇ. ಹುಟ್ಟಿನಿಂದ ಬಲ್ಲವನಂತೆ ಆತುರಪಡುವವನಲ್ಲ. ಅರುಂಧತೀದರ್ಶನನ್ಯಾಯದಲ್ಲಿ ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನು ತೋರಿಸಿ ಆಮೇಲೆ ಸೂಕ್ಷ್ಮವಾದ ಅರುಂಧತಿಯನ್ನು ತೋರಿಸುತ್ತಾರಷ್ಟೆ. ಹಾಗೆಯೇ ಮೊದಲು ಊರಿನ ಸುದ್ದಿ, ಬಳಿಕ ಒಂದು ಪುಸ್ತಕ, ಆಮೇಲೆ ಅರ್ಜಿ ಎಂಬ ಕ್ರಮದಿಂದ ಕಲಿಸಿದರೆ ಭಯವು ತಾನಾಗಿ ಇಳಿಯುತ್ತದೆ.

ಆದರೆ ಕಠಿಣವಾದ ಪ್ರಶ್ನೆಯು ಮುಂದಿದೆ. ಸಾಲಿನಲ್ಲಿ ಹತ್ತು ಜನ ನಿಂತಿರಲು, ಕಲಿಸುತ್ತ ಕೂಡುವುದಕ್ಕಿಂತ ತಾನೇ ಎರಡು ನಿಮಿಷದಲ್ಲಿ ಮಾಡಿಕೊಡುವುದು ದಯೆಯಲ್ಲವೆ? ಇಲ್ಲಿ ಅಧಿಕಾರಿಭೇದವನ್ನು ನೋಡಬೇಕು. ಕಲಿಯಲು ಬಯಸುವವನಿಗೆ ಮಾಡಿಕೊಟ್ಟರೆ ಅವನ ಸ್ವಾತಂತ್ರ್ಯವನ್ನು ಕಸಿದಂತೆ. ಮರುವರ್ಷವೂ ಅವನು ಅದೇ ಸಾಲಿನಲ್ಲಿ ನಿಲ್ಲುವನು. ಕಣ್ಣು ಮಂಜಾಗಿ, ಬೆರಳು ನಡುಗುವವನಿಗೆ ಕಲಿಸುವೆನೆಂದು ಹಟ ಹಿಡಿದರೆ ಅದು ಕ್ರೌರ್ಯ. ಅವನ ಎದುರಿನಲ್ಲಿ, ಪ್ರತಿಯೊಂದನ್ನೂ ಓದಿ ಹೇಳಿ ಮಾಡಿಕೊಡಬೇಕು. ಇನ್ನು, ತನಗೆ ಕಾಗದದ ಪುಸ್ತಕವೇ ಸಾಕೆನ್ನುವವನಿಗೆ ಪುಸ್ತಕವನ್ನೇ ಕೊಡಬೇಕು. ಅವನನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ.

ಮಾಡಿಕೊಡುವಲ್ಲಿ ಇನ್ನೊಂದು ಅಪಾಯವುಂಟು. ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಮೊಬೈಲಿಗೆ ಬಂದ ಓಟಿಪಿ, ಇವೆಲ್ಲವನ್ನೂ ನಂಬಿದವನು ಪರರ ಕೈಗೆ ಒಪ್ಪಿಸುತ್ತಾನೆ. ಒಳಗಿನ ದ್ರವ್ಯವೇನೆಂದು ಹೇಳದೆ, ಮುಚ್ಚಿದ ಪಾತ್ರೆಯಲ್ಲಿಟ್ಟು ಒಪ್ಪಿಸಿದುದನ್ನು ಯಾಜ್ಞವಲ್ಕ್ಯಸ್ಮೃತಿಯು ಔಪನಿಧಿಕವೆಂದು ಕರೆದು, ಅದನ್ನು ಇದ್ದಂತೆಯೇ ಹಿಂದಿರುಗಿಸತಕ್ಕದ್ದೆಂದು ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಜಿಲ್ಲೆಯ ಕಲ್ಯಾಣದಲ್ಲಿ ಬಾಳಿದವನು. ಬರೆದಿಟ್ಟುಕೊಳ್ಳದಿರುವುದು, ಪರರೆದುರು ಗಟ್ಟಿಯಾಗಿ ಓದದಿರುವುದು, ಕೆಲಸ ಮುಗಿದೊಡನೆ ಖಾತೆಯನ್ನು ಮುಚ್ಚುವುದು, ಇವು ಆ ಹಳೆಯ ವಿಧಿಯ ಇಂದಿನ ರೂಪಗಳು. ಅವನ್ನು ಅರಿಯದೆ ಸಹಾಯಕ್ಕೆ ಮುಂದಾದವನು ಸದುದ್ದೇಶದಿಂದಲೇ ಬಡವನ ಗಂಟನ್ನು ಕಳೆದಾನು. ಆದುದರಿಂದ ಗ್ರಂಥಪಾಲಕನು ಕಲಿಯುವುದು ಕೇವಲ ಜಾಣತನಕ್ಕಲ್ಲ, ನಂಬಿದವರ ರಕ್ಷಣೆಗೆ.

ಹಾಗೆಂದು ಧರ್ಮದ ಭಾರವನ್ನೆಲ್ಲ ಅಲ್ಪವೇತನದ ಸಿಬ್ಬಂದಿಯ ತಲೆಯ ಮೇಲೆಯೇ ಹೇರುವುದು ಸಲ್ಲದು. ಕಲಿಯೆಂದು ಆಜ್ಞಾಪಿಸುವವರು ಕಲಿಯುವ ವೇಳೆಯನ್ನೂ, ಕಲಿಸುವ ಗುರುವನ್ನೂ, ನಡೆಯುವ ಯಂತ್ರವನ್ನೂ ಒದಗಿಸತಕ್ಕದ್ದು. ಇಲ್ಲವಾದರೆ ಅಲ್ಲಿ ಆಜ್ಞೆಯಿದೆ, ನ್ಯಾಯವಿಲ್ಲ. ಇಷ್ಟು ಒದಗಿದ ಮೇಲೂ ಕಲಿಯದವನಿಗೆ ಮಾತ್ರ ವಯಸ್ಸು ನೆಪವಾಗಲಾರದು. ಕಲಿಯುವ ಸಂಕಟವನ್ನು ಸ್ವತಃ ಉಂಡವನೇ ಹಿಂಜರಿಯುವವನಿಗೆ ತಾಳ್ಮೆಯಿಂದ ಕಲಿಸಬಲ್ಲನು.