ಸಂಜೆಯ ತನಕ ನಿಂತವನು ಸೋಮಾರಿಯೋ?

ದ್ರಾಕ್ಷೇತೋಟದ ಯಜಮಾನನ ಸಾಮ್ಯವನ್ನು ನಾವು ಅನೇಕಾವರ್ತಿ ಕೇಳಿದ್ದೇವೆ. ಸಾಯಂಕಾಲದ ತನಕ ಪೇಟೆಯಲ್ಲಿ ನಿಂತವರನ್ನು ಅವನು ವಿಚಾರಿಸಲು, ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಅವರು ಉತ್ತರಕೊಟ್ಟರು. ಅವನು ಆ ಮಾತನ್ನು ನಂಬಿದನು. ನಾವು ನಂಬುತ್ತೇವೋ?

ಐರ್ಲೆಂಡಿನಲ್ಲಿ 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಘೋರ ಕ್ಷಾಮವುಂಟಾಯಿತು. 1847ನೆಯ ಒಂದೇ ವರುಷದಲ್ಲಿ ಸುಮಾರು 3 ಲಕ್ಷ ಮಂದಿ ಇಂಗ್ಲೆಂಡಿನ ಲಿವರ್‌ಪೂಲ್ ರೇವಿಗೆ ಬಂದಿಳಿದರು. ಅಲ್ಲಿ ಉಳಿದವರಲ್ಲಿ ಅನೇಕರು ಹಡಗುಗಳ ಮೂಟೆ ಹೊತ್ತು ಜೀವಿಸಿದರು. ಮೇಸ್ತ್ರಿಯು ಗುಂಪಿನಿಂದ ಕೆಲವರನ್ನು ಆರಿಸಿಕೊಳ್ಳುವನು. ಮಿಕ್ಕವರು ಬರಿಗೈಯಲ್ಲಿ ಹಿಂದಿರುಗುವರು. ಊರವರು ಅವರನ್ನು ಸೋಮಾರಿಗಳೆಂದು ಹಳಿದರು.

ನಮ್ಮವರಿಗೂ ಇಂಥ ಕಥೆಯುಂಟು. 1961ರಲ್ಲಿ ಗೋವೆಯು ಪೋರ್ತುಗೀಸರಿಂದ ಬಿಡುಗಡೆಯಾದ ಮೇಲೆ ಉತ್ತರ ಕರ್ನಾಟಕದ ಅನೇಕ ಬಡವರು ಮಾರ್ಮಗೋವಾ ರೇವಿನ ಪಟ್ಟಣವಾದ ವಾಸ್ಕೋಗೆ ಕೂಲಿಗಾಗಿ ಹೋಗಿ, ಬೈನಾ ಕಡಲತೀರದಲ್ಲಿ ಗುಡಿಸಲು ಕಟ್ಟಿಕೊಂಡರು. ಮೂಟೆಯ ಮೇಲೆ ಹೊರಗಿನವರೆಂಬ ಹೆಸರನ್ನೂ ಹೊತ್ತರು.

ರೇವಿನ ಕೂಲಿಗಾರರನ್ನು ದಾಖಲಿಸಿ, ಅವರ ಕೆಲಸದ ಅನಿಶ್ಚಯವನ್ನು ತಗ್ಗಿಸುವದಕ್ಕೆ ನಮ್ಮ ದೇಶದಲ್ಲಿ 1948ರಲ್ಲಿಯೇ ಕಾನೂನಾಗಿತ್ತು. ದೋಷವು ನಿಂತವನಲ್ಲಿ ಅಲ್ಲ, ಕರೆಯುವ ಪದ್ಧತಿಯಲ್ಲಿ ಇದೆಯೆಂದು ಸರ್ಕಾರವೇ ಒಪ್ಪಿದಂತಾಯಿತಲ್ಲವೇ?

ದುಡಿಯಲೊಲ್ಲದವನ ವಿಷಯ ಪೌಲನು ಕಠಿಣವಾಗಿ ಬರೆದದ್ದು ನಿಜ. ಆದರೆ ಒಲ್ಲದವನು ಬೇರೆ, ಕೆಲಸ ಸಿಕ್ಕದವನು ಬೇರೆ. ಈಗ ಅದೇ ಸೀಮೆಯವರು ನಮ್ಮ ಹೊಸಕೆರೆಹಳ್ಳಿಯ ಸುತ್ತಲೂ ಏಳುವ ಕಟ್ಟಡಗಳಿಗೆ ಕಲ್ಲುಮಣ್ಣು ಹೊರುತ್ತಾರೆ. ಹೊತ್ತೇರಿದರೂ ಕೂಡುರಸ್ತೆಯಲ್ಲಿ ನಿಂತವನನ್ನು ಕಂಡರೆ ತೀರ್ಪುಮಾಡದೆ ಮೊದಲು ವಿಚಾರಿಸೋಣ. ಕೆಲಸಕ್ಕೆ ಕರೆದವನಿಗೆ ಹೊತ್ತು ಮುಳುಗುವದರೊಳಗೆ ಕೂಲಿ ಕೊಡೋಣ. ಸಭೆಯ ಚಾಪೆಯಲ್ಲಿ ಅವನಿಗೂ ಸ್ಥಳವಿರಲಿ. ಕಡೇ ತಾಸಿನಲ್ಲಿ ಕರೆಯಲ್ಪಟ್ಟವರು ನಾವೂ ಅಲ್ಲವೇ?