ಹಸಿದ ಮಗುವಿನ ಗುಣ

ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬಂದ ಮಗು ಚೀಲವನ್ನು ಮೂಲೆಗೆಸೆಯುತ್ತದೆ, ತಂಗಿಯ ಜಡೆ ಎಳೆಯುತ್ತದೆ, ಕೈಕಾಲು ತೊಳೆದುಕೊ ಎಂದರೆ ಅಳುತ್ತದೆ. ಎರಡು ದೋಸೆ ಹೊಟ್ಟೆಗೆ ಬಿದ್ದ ಮೇಲೆ ಅದೇ ಮಗು ಅದೇ ತಂಗಿಗೆ ಚಿತ್ರ ಬರೆದುಕೊಡುತ್ತ ಕೂರುತ್ತದೆ. ಇವೆರಡರಲ್ಲಿ ಮಗುವಿನ ನಿಜವಾದ ಗುಣ ಯಾವುದು? ಹಠಮಾರಿ, ಸಿಡುಕ, ಮೊಂಡ ಎಂದು ನಾವು ಮಕ್ಕಳಿಗಿಡುವ ಹೆಸರುಗಳಲ್ಲಿ ಹೆಚ್ಚಿನವು ಇಂಥ ಹೊತ್ತಿನಲ್ಲಿ ಇಟ್ಟವೇ. ಹಸಿವು ಅರ್ಧ ಗಂಟೆಯಲ್ಲಿ ಇಳಿಯುತ್ತದೆ, ಹೆಸರು ಉಳಿದುಬಿಡುತ್ತದೆ.

ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ 15 ದಿನ ಊಟ ಬಿಟ್ಟು ನೀರು ಮಾತ್ರ ಕುಡಿದಿರಲು ಹೇಳುತ್ತಾನೆ. ಆಮೇಲೆ ವೇದ ಹೇಳೆಂದರೆ ಕಲಿತ ಹುಡುಗನಿಗೆ ಒಂದೂ ನೆನಪಾಗದು. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾನೆ. ಮನಸ್ಸು ಅನ್ನದಿಂದಾದದ್ದು ಎಂಬುದು ಅಲ್ಲಿನ ಪಾಠ. ಮಗನಿಗೆ ಏನೂ ಹೊಳೆಯದಿದ್ದಾಗ ತಂದೆ ಗದರಲಿಲ್ಲ, ಊಟಕ್ಕೆ ಕಳಿಸಿದ ಎಂಬುದು ನಮಗೆ ಅಷ್ಟೇ ಮುಖ್ಯವಾಗಿ ತೋರುತ್ತದೆ.

ವೈದ್ಯಶಾಸ್ತ್ರವೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. ದೊಡ್ಡವರ ಮೆದುಳು ದೇಹದ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಬಳಸಿದರೆ, ಐದು ವರ್ಷದ ಮಗುವಿನ ಮೆದುಳಿಗೆ 100ಕ್ಕೆ 40ಕ್ಕೂ ಮೇಲೆ ಬೇಕು. ಅದು ಮುಖ್ಯವಾಗಿ ರಕ್ತದ ಸಕ್ಕರೆಯಿಂದ ಬರಬೇಕು. ಚಿಕ್ಕ ಯಕೃತ್ತಿನಲ್ಲಿ ಕೂಡಿಟ್ಟ ದಾಸ್ತಾನೂ ಚಿಕ್ಕದು. ಸಕ್ಕರೆ ಇಳಿಯತೊಡಗಿದರೆ ಅದನ್ನೆತ್ತಲು ದೇಹ ಅಡ್ರಿನಲಿನ್ ಸುರಿಸುತ್ತದೆ. ಹೆದರಿಕೆಗೂ ಜಗಳಕ್ಕೂ ನಮ್ಮನ್ನು ಸಜ್ಜುಗೊಳಿಸುವ ರಸವೂ ಅದೇ. ಆರೋಗ್ಯವಂತ ಮಗುವಿನ ಸಕ್ಕರೆ ಒಂದು ಹೊತ್ತಿನ ಹಸಿವಿಗೆ ಅಪಾಯಕ್ಕಿಳಿಯುವುದು ಅಪರೂಪ. ಹಾಗಾಗಿ ಗಾಬರಿ ಬೇಡ. ಮಧುಮೇಹಕ್ಕೆ ಇನ್ಸುಲಿನ್ ಪಡೆಯುವ ಮಕ್ಕಳ ಮಾತು ಬೇರೆ. ಅವರ ಸಿಡುಕನ್ನು ತಾಯಿತಂದೆಯರು ಕೂಡಲೇ ಗಮನಿಸಬೇಕು.

ಆದರೆ ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟುವಂತೆಯೂ ಇಲ್ಲ. ಸಿಹಿ ತಿಂದರೆ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆ ಎಂಬ ನಂಬಿಕೆ ಪರೀಕ್ಷೆಗೆ ನಿಲ್ಲಲಿಲ್ಲ. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಕ್ಕಳಾರಿಗೂ ಸಕ್ಕರೆ ಕೊಡಲೇ ಇಲ್ಲ. ಕೆಲವು ತಾಯಂದಿರಿಗೆ ಮಾತ್ರ 'ಕೊಟ್ಟಿದ್ದೇವೆ' ಎಂದರು. ಆ ತಾಯಂದಿರಿಗೆ ತಮ್ಮ ಮಕ್ಕಳು ಹೆಚ್ಚು ಚೇಷ್ಟೆ ಮಾಡುತ್ತಿರುವಂತೆ ಕಂಡಿತು. ಹೆಚ್ಚು ಆಕ್ಷೇಪಿಸಿದರು ಕೂಡ. ಮಗು ಬದಲಾಗಿರಲಿಲ್ಲ, ನೋಡುವ ಕಣ್ಣು ಬದಲಾಗಿತ್ತು. ಸಂಜೆ ಆರಕ್ಕೆ ಆಫೀಸಿನಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದ ತಂದೆಯೂ ಹಸಿದಿರುತ್ತಾನೆ. ಹಸಿದವನು ಹಸಿದವನ ನ್ಯಾಯ ತೀರ್ಮಾನ ಮಾಡುವುದೆಂದರೆ ಇದೇ.

ಹಾಗಾದರೆ ಹಸಿದ ಮಗು ಮಾಡಿದ್ದೆಲ್ಲ ಮಾಫಿಯೇ? ಅಲ್ಲ. ಕಾರಣ ಬೇರೆ, ಸಮರ್ಥನೆ ಬೇರೆ. ಜಡೆ ಎಳೆದದ್ದರಿಂದ ತಂಗಿಗೆ ನೋವಾದದ್ದು ನಿಜ. ಮೊದಲು ತಿಂಡಿ, ಆಮೇಲೆ ವಿಚಾರಣೆ ಎಂಬ ಕ್ರಮವಿದ್ದರೆ ಸಾಕು. ತುಂಬಿದ ಹೊಟ್ಟೆಯ ಮಗುವಿಗೆ ತಪ್ಪೂ ತಪ್ಪಾಗಿ ಕಾಣುತ್ತದೆ.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ಮಾತು. ನಮ್ಮ ಮಗು ರೇಗಿದರೆ 'ಪಾಪ, ಹಸಿವಾಗಿದೆ' ಎನ್ನುತ್ತೇವೆ. ಪಾತ್ರೆ ತೊಳೆಯಲು ಬರುವವಳ ಜೊತೆ ಬಂದ ಮಗು ರೇಗಿದರೆ 'ಅವರ ಬುದ್ಧಿಯೇ ಹಾಗೆ' ಎಂದುಬಿಡುತ್ತೇವೆ. ಅವಳು ಆರಕ್ಕೇ ಮನೆ ಬಿಟ್ಟಿರುತ್ತಾಳೆ. ನಮ್ಮ ಮನೆಯಲ್ಲಿ ಕಾಫಿ ಇಳಿಯುವ ಹೊತ್ತಿಗೆ ಅವಳ ಮನೆಯ ಒಲೆ ಹೊತ್ತಿರುವುದಿಲ್ಲ. ಜಮೈಕಾದಲ್ಲಿ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆಳಗಿನ ತಿಂಡಿ ತಪ್ಪಿದಾಗ ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದವರು ಮೊದಲೇ ಪೋಷಣೆಯಿಲ್ಲದ ಮಕ್ಕಳು; ಚೆನ್ನಾಗಿ ಉಂಡು ಬೆಳೆದವರು ಹೇಗೋ ತೂಗಿಸಿಕೊಂಡರು. ಅಂದರೆ ಹಸಿವಿನ ವಿನಾಯಿತಿ ಯಾರಿಗೆ ಹೆಚ್ಚು ಸಲ್ಲಬೇಕೋ ಅವರಿಗೇ ನಾವು ಕೊಡುತ್ತಿಲ್ಲ.

ನಾವು ನೆಲೆಸಿರುವ ಈ ಊರು ಆ ವಿಷಯದಲ್ಲಿ ನಮಗಿಂತ ಮೊದಲೇ ಯೋಚಿಸಿತ್ತು. 1920ರಲ್ಲಿ ಪಿ. ತ್ಯಾಗರಾಯ ಚೆಟ್ಟಿಯವರ ಅಧ್ಯಕ್ಷತೆಯ ಮದರಾಸು ಕಾರ್ಪೊರೇಷನ್, ಥೌಸಂಡ್ ಲೈಟ್ಸ್‌ನ ತನ್ನ ಶಾಲೆಯ ಮಕ್ಕಳಿಗೆ ತಿಂಡಿ ಕೊಡಲು ಒಪ್ಪಿತು. ತಲೆಗೆ ದಿನಕ್ಕೆ ಒಂದಾಣೆ ಮೀರಬಾರದೆಂಬ ಕಟ್ಟಳೆಯೊಡನೆ. ನಾವು ಸೀರೆ ಕೊಳ್ಳಲು ಹೋಗುವ ಟಿ. ನಗರಕ್ಕೆ ಇವರದೇ ಹೆಸರು. 1956ರಲ್ಲಿ ಕಾಮರಾಜರ ಕಾಲದ ಮಧ್ಯಾಹ್ನದೂಟ, 1982ರ ಜುಲೈ 1ರಿಂದ ಎಂ.ಜಿ.ಆರ್. ಅವರ ಪೌಷ್ಟಿಕ ಆಹಾರ ಯೋಜನೆ ಬಂದವು. ಕರ್ನಾಟಕದ ಅಕ್ಷರ ದಾಸೋಹ ಶುರುವಾದದ್ದು ಇನ್ನೂ 20 ವರ್ಷಗಳ ಮೇಲೆ. ಆದರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದ ಮಗು ಮಧ್ಯಾಹ್ನದ ಗಂಟೆಯವರೆಗೆ ಕಾಯಬೇಕಿತ್ತು. ಅದಕ್ಕೆಂದೇ 2022ರ ಸೆಪ್ಟೆಂಬರ್ 15ರಂದು ಮಧುರೆಯಲ್ಲಿ ಬೆಳಗಿನ ಉಪಾಹಾರ ಯೋಜನೆ ಆರಂಭವಾಗಿ, ಮರುವರ್ಷ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಪಾಠ ಶುರುವಾಗುವ ಮೊದಲೇ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳು ಸಾಲಾಗಿ ಕುಳಿತು ಉಪ್ಪಿಟ್ಟೋ ಖಿಚಡಿಯೋ ಪೊಂಗಲೋ ತಿನ್ನುತ್ತಾರೆ.