ಭಂಡಾರಿಯ ಲೆಕ್ಕ

ರೋಗಿಗಳು, ವೃದ್ಧರು, ವಿಧವೆಯರು ಮತ್ತು ಅಂಗವಿಕಲರಿಗಾಗಿ ಪ್ರಭುತ್ವವು ಮಾಡುವ ವೆಚ್ಚದ ಬಗೆಗಿನ ಚರ್ಚೆಗಳು ಬಹುಮಟ್ಟಿಗೆ ಎಷ್ಟು ಕೊಡಲಾಯಿತು, ಎಷ್ಟು ಸೋರಿಹೋಯಿತು ಎಂಬ ಎರಡು ಪ್ರಶ್ನೆಗಳ ಸುತ್ತಲೇ ನಡೆಯುತ್ತವೆ. ಇವೆರಡಕ್ಕೂ ಮೊದಲು ಕೇಳಬೇಕಾದ ಒಂದು ತಾತ್ವಿಕ ಪ್ರಶ್ನೆ ಉಳಿದೇ ಇದೆ: ಪ್ರಭುತ್ವವು ಈ ಹಣವನ್ನು ದಾನಿಯಾಗಿ ಕೊಡುತ್ತದೆಯೋ, ಸಾಲಗಾರನಾಗಿ ತೀರಿಸುತ್ತದೆಯೋ? ಉತ್ತರದಾಯಿತ್ವ, ಅಂದರೆ ಮಾಡಿದ ಕೆಲಸಕ್ಕೂ ಬಿಟ್ಟ ಕೆಲಸಕ್ಕೂ ಇನ್ನೊಬ್ಬರ ಮುಂದೆ ನಿಂತು ಕಾರಣ ಹೇಳಬೇಕಾದ ಹೊಣೆ, ಯಾರಿಗೆ ಸಲ್ಲುತ್ತದೆ ಎಂಬುದು ಈ ಪ್ರಶ್ನೆಗೆ ಕೊಡುವ ಉತ್ತರವನ್ನೇ ಅವಲಂಬಿಸಿದೆ.

ಧರ್ಮಶಾಸ್ತ್ರಕಾರರು ದಾನಕ್ಕೆ ಕೊಟ್ಟ ಲಕ್ಷಣ ಸ್ಪಷ್ಟವಾಗಿದೆ. ತನ್ನದಾದ ವಸ್ತುವಿನ ಮೇಲಿನ ಸ್ವಾಮ್ಯವನ್ನು ತೊರೆದು, ಅದರಲ್ಲಿ ಮತ್ತೊಬ್ಬರ ಸ್ವಾಮ್ಯವನ್ನು ಹುಟ್ಟಿಸುವ ಕ್ರಿಯೆಯೇ ದಾನ. ಹಾಗಾಗಿ ಕೊಡುವವನು ಮೊದಲು ಒಡೆಯನಾಗಿರಬೇಕು. ಒಡೆತನವಿಲ್ಲದ ವಸ್ತುವನ್ನು ಕೊಟ್ಟರೆ ಅದು ದಾನವೆನಿಸದು. ಪ್ರತಿಫಲವನ್ನು ಬಯಸದೆ ಕೊಟ್ಟದ್ದು ಸಾತ್ತ್ವಿಕವೆಂದು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಹೇಳುವಾಗಲೂ ಅದರ ಗಮನವಿರುವುದು ಕೊಡುವವನ ಮನಸ್ಸಿನ ಶುದ್ಧಿಯ ಮೇಲೆ; ಪಡೆದವನಿಗೆ ಲೆಕ್ಕ ಕೇಳುವ ಅಧಿಕಾರ ಅಲ್ಲಿ ಹುಟ್ಟುವುದೇ ಇಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂಬ ಗಾದೆಮಾತಿನ ಭಾವನೆಯೇ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ ಬಡವರ ಬಾಯನ್ನೂ ಕಟ್ಟುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಕುಂದು ಹೇಳಬಾರದೆಂಬ ಸಂಕೋಚ ಪಡೆಯುವವರಲ್ಲಿಯೂ, ಕೊಟ್ಟಮೇಲೆ ಕೇಳುವುದೇನಿದೆ ಎಂಬ ಧೋರಣೆ ಕೊಡುವವರಲ್ಲಿಯೂ ಬೇರೂರಿರುವಷ್ಟು ಕಾಲ, ಕಾನೂನಿನ ಪುಸ್ತಕದಲ್ಲಿರುವ ಉತ್ತರದಾಯಿತ್ವ ಆಸ್ಪತ್ರೆಯ ಹೊಸ್ತಿಲು ದಾಟುವುದಿಲ್ಲ.

ಈ ನಾಡಿನ ಅತಿ ಹಳೆಯ ರಾಜಶಾಸನಗಳು ಬೇರೊಂದು ದಾರಿಯನ್ನು ತೋರುತ್ತವೆ ಎಂಬುದು ಗಮನಾರ್ಹ. ಮನುಷ್ಯರಿಗೂ ಪ್ರಾಣಿಗಳಿಗೂ ಎರಡು ಬಗೆಯ ಚಿಕಿತ್ಸೆಗಳನ್ನು ಏರ್ಪಡಿಸಿದ್ದನ್ನೂ, ಔಷಧಿಯ ಗಿಡಮೂಲಿಕೆಗಳು ಇಲ್ಲದೆಡೆಗೆ ಅವನ್ನು ತರಿಸಿ ನೆಡಿಸಿದ್ದನ್ನೂ ಅಶೋಕನ ಎರಡನೆಯ ಬಂಡೆಶಾಸನ ಹೇಳುತ್ತದೆ. ಆದರೆ ಅದಕ್ಕಿಂತ ಮುಖ್ಯವಾದ ಮಾತು ಆರನೆಯ ಶಾಸನದಲ್ಲಿದೆ. ಅಲ್ಲಿ ಅರಸನು ತನ್ನ ದುಡಿಮೆಯೆಲ್ಲ ಜೀವಿಗಳಿಗೆ ತಾನು ಸಲ್ಲಿಸಬೇಕಾದ ಋಣದಿಂದ ಮುಕ್ತನಾಗುವುದಕ್ಕಾಗಿ ಎಂದು ತಿಳಿಸುತ್ತಾನೆ. ಇಲ್ಲಿ ಪ್ರಜೆ ಋಣದಾತ, ಅರಸ ಋಣಿ. ವೈದಿಕ ಪರಂಪರೆ ದೇವಋಣ, ಋಷಿಋಣ, ಪಿತೃಋಣಗಳನ್ನು ಹೇಳಿ ಮನುಷ್ಯನನ್ನು ಹುಟ್ಟಿನಿಂದಲೇ ಸಾಲಗಾರನೆಂದು ಬಗೆದಿತ್ತು. ಅಶೋಕನ ಶಾಸನವು ಆ ಭಾವನೆಯನ್ನು ಅಧಿಕಾರದ ಪೀಠಕ್ಕೆ ಅನ್ವಯಿಸಿ, ಆಳುವವನನ್ನೇ ಆಳಿಸಿಕೊಳ್ಳುವವರ ಸಾಲಗಾರನನ್ನಾಗಿಸಿತು. ಸಾಲಗಾರನಿಗೆ ಲೆಕ್ಕ ಇಡುವುದು ಐಚ್ಛಿಕವಲ್ಲ. ಅವನು ಎಷ್ಟು ತೀರಿಸಿದನೆಂಬುದರ ಜೊತೆಗೆ ಎಷ್ಟು ಬಾಕಿ ಉಳಿಸಿಕೊಂಡನೆಂಬುದನ್ನೂ ಹೇಳಬೇಕಾಗುತ್ತದೆ.

ಭಾರತದ ಸಂವಿಧಾನವು ಧರ್ಮಗ್ರಂಥದ ಭಾಷೆಯನ್ನು ಬಳಸದಿದ್ದರೂ ಈ ಎರಡನೆಯ ನಿಲುವಿಗೇ ಹತ್ತಿರದಲ್ಲಿದೆ. ತೆರಿಗೆ ಮತ್ತು ಸಾಲದಿಂದ ಬಂದ ಹಣವೆಲ್ಲ ಸಂಚಿತ ನಿಧಿ ಎಂಬ ಬೊಕ್ಕಸಕ್ಕೆ ಸೇರುತ್ತದೆ. 266ನೆಯ ವಿಧಿಯ ಪ್ರಕಾರ ಕಾನೂನಿನ ಅನುಮತಿಯಿಲ್ಲದೆ ಅದರಿಂದ ಬಿಡಿಗಾಸನ್ನೂ ತೆಗೆಯುವಂತಿಲ್ಲ. ಮಂತ್ರಿಗಾಗಲಿ ಅಧಿಕಾರಿಗಾಗಲಿ ಅದರ ಮೇಲೆ ಒಡೆತನವಿಲ್ಲ, ಹಾಗಾಗಿ ಅವರು ಅದನ್ನು ದಾನ ಮಾಡಲೂ ಆರರು. ಸಾರ್ವಜನಿಕ ಆರೋಗ್ಯದ ಸುಧಾರಣೆಯನ್ನು ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲಿ ಒಂದೆಂದು 47ನೆಯ ವಿಧಿ ಹೇಳುತ್ತದೆ. ಅದು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳ ಸಾಲಿನಲ್ಲಿರುವುದರಿಂದ ನೇರವಾಗಿ ನ್ಯಾಯಾಲಯದಲ್ಲಿ ಜಾರಿಮಾಡಿಸಿಕೊಳ್ಳಲು ಬರುವುದಿಲ್ಲವೆಂಬುದು ನಿಜ. ಆದರೆ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನೊಬ್ಬನನ್ನು ಒಂದಾದ ಮೇಲೊಂದರಂತೆ ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲ, ಸೌಲಭ್ಯವಿಲ್ಲವೆಂದು ಹಿಂದಕ್ಕೆ ಕಳುಹಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತು, ತುರ್ತು ಚಿಕಿತ್ಸೆಯ ನಿರಾಕರಣೆಯು 21ನೆಯ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆಯೆಂದೂ, ಹಣದ ಕೊರತೆಯ ನೆಪದಿಂದ ರಾಜ್ಯವು ಈ ಹೊಣೆಯಿಂದ ನುಣುಚಿಕೊಳ್ಳಲಾಗದೆಂದೂ ಹೇಳಿತು. ಕೈಯಲ್ಲಿ ಕಾಸಿಲ್ಲವೆಂದರೆ ದಾನಿಯನ್ನು ಯಾರೂ ದೂರುವುದಿಲ್ಲ, ಸಾಲಗಾರನ ಸಾಲವಾದರೋ ಅಷ್ಟರಿಂದ ಮನ್ನಾ ಆಗುವುದಿಲ್ಲ. ನ್ಯಾಯಾಲಯದ ವಾದದ ಹಿಂದೆ ಇರುವ ತಾತ್ವಿಕ ನೆಲೆ ಇದೇ.

ಹೀಗೆ ನೋಡಿದಾಗ ಖರ್ಚಾಗದೆ ಉಳಿದ ಹಣದ ಅರ್ಥವೂ ಬದಲಾಗುತ್ತದೆ. ಆಯವ್ಯಯದಲ್ಲಿ ಮೀಸಲಿಟ್ಟ ಔಷಧದ ಹಣ ಮಾರ್ಚ್ ಕೊನೆಗೆ ಉಳಿದುಹೋದರೆ ಲೆಕ್ಕದ ಪುಸ್ತಕ ಅದನ್ನು ಉಳಿತಾಯವೆಂದು ಕರೆಯುತ್ತದೆ, ಋಣದ ದೃಷ್ಟಿಗೆ ಅದು ಸುಸ್ತಿ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಸರ್ಕಾರಿ ಆರೋಗ್ಯ ವೆಚ್ಚವನ್ನು 2025ರೊಳಗೆ ಒಟ್ಟು ದೇಶೀಯ ಉತ್ಪನ್ನದ ಶೇ 2.5ಕ್ಕೆ ಏರಿಸುವ ಮಾತು ಕೊಟ್ಟಿತ್ತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021–22ರಲ್ಲಿ, ಅದೂ ಕೋವಿಡ್ ಕಾಲದ ಹೆಚ್ಚುವರಿ ವೆಚ್ಚ ಸೇರಿ, ಅದು ಶೇ 1.84ರಷ್ಟಿತ್ತು. ಅದೇ ವರ್ಷ ಒಟ್ಟು ಆರೋಗ್ಯ ವೆಚ್ಚದ ಶೇ 39.4ರಷ್ಟನ್ನು ಜನರು ತಮ್ಮ ಜೇಬಿನಿಂದಲೇ ಭರಿಸಿದರು. ಅದಕ್ಕೆ ಎಂಟು ವರ್ಷಗಳ ಹಿಂದೆ ಈ ಪಾಲು ಶೇ 64.2ರಷ್ಟಿದ್ದುದರಿಂದ ಇಳಿಕೆ ಸಣ್ಣದೇನಲ್ಲ, ಅದನ್ನು ಒಪ್ಪಲೇಬೇಕು. ಆದರೂ ರಾಜ್ಯವು ತೀರಿಸದೆ ಬಿಟ್ಟ ಬಾಕಿಯನ್ನು ರೋಗಿಯ ಮನೆಯವರು ಒಡವೆ ಅಡವಿಟ್ಟು ತೀರಿಸುತ್ತಿರುವರೆಂಬುದು ಈ ಅಂಕಿಗಳ ಒಳಗಿರುವ ಸತ್ಯ.

ಲೆಕ್ಕ ಕೇಳುವ ಏರ್ಪಾಡು ದೇಶದಲ್ಲಿ ಇಲ್ಲವೆಂದಲ್ಲ. ಮಹಾಲೇಖಪಾಲರು, ಅಂದರೆ ಕೇಂದ್ರ ಮತ್ತು ರಾಜ್ಯಗಳ ಲೆಕ್ಕವನ್ನು ಪರಿಶೋಧಿಸಿ ಶಾಸನಸಭೆಗಳ ಮುಂದೆ ವರದಿ ಇಡುವ ಸಾಂವಿಧಾನಿಕ ಅಧಿಕಾರಿ, ಬಹುಶಃ ಸಂವಿಧಾನದ ಅತ್ಯಂತ ಮುಖ್ಯ ಅಧಿಕಾರಿಯೆಂದು ಅಂಬೇಡ್ಕರ್ 1949ರ ಮೇ 30ರಂದು ಸಂವಿಧಾನ ಸಭೆಯಲ್ಲಿ ಅಭಿಪ್ರಾಯಪಟ್ಟಿದ್ದರು. ಆ ವರದಿಗಳನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸುತ್ತದೆ. ಈ ಸರಪಣಿ ಬೆಲೆಯುಳ್ಳದ್ದು. ಅದಿಲ್ಲದಿದ್ದರೆ ಮುಂದೆ ಹೇಳುವ ಸಂಗತಿಗಳು ಬೆಳಕಿಗೇ ಬರುತ್ತಿರಲಿಲ್ಲ. ಆದರೆ ಇದರಲ್ಲಿ ಲೆಕ್ಕವು ಯಾವಾಗಲೂ ಮೇಲ್ಮುಖವಾಗಿ ಹರಿಯುತ್ತದೆ: ಆಸ್ಪತ್ರೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಇಲಾಖೆಗೆ, ಇಲಾಖೆಯಿಂದ ಸದನಕ್ಕೆ. ಪ್ರತಿ ಹಂತದಲ್ಲಿಯೂ ಹಣ ಬಳಕೆ ಪ್ರಮಾಣಪತ್ರವೊಂದು ಸಹಿಯಾಗಿ ಹೋಗುತ್ತದೆ, ಮಂಜೂರಾದ ಉದ್ದೇಶಕ್ಕೇ ಹಣ ವೆಚ್ಚವಾಗಿದೆಯೆಂದು ಅದು ದೃಢೀಕರಿಸುತ್ತದೆ. ಹಾಸಿಗೆ ಹಿಡಿದ ರೋಗಿಯನ್ನು ಈ ಹಾದಿಯಲ್ಲಿ ಯಾರೂ ಮಾತನಾಡಿಸುವುದಿಲ್ಲ.

ದಾನಿಯ ಮನೋಭಾವ ಆಡಳಿತದೊಳಗೆ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ 2023ರ ಎರಡು ಪರಿಶೋಧನಾ ವರದಿಗಳನ್ನು ಸ್ವಲ್ಪ ನಿಂತು ನೋಡಬೇಕು. ಒಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಮೇಲಿನದು. 1995ರ ಆಗಸ್ಟ್ 15ರಂದು ಆರಂಭವಾದ ಈ ಕಾರ್ಯಕ್ರಮದಲ್ಲಿ ಬಡ ವೃದ್ಧರಿಗೆ ಕೇಂದ್ರವು ಕೊಡುವ ಮಾಸಿಕ ಪಾಲು, ಎಂಬತ್ತು ವರ್ಷದೊಳಗಿನವರಿಗೆ, ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ 200 ರೂಪಾಯಿಯಲ್ಲೇ ನಿಂತಿದೆ. ಇಂಥ ಪಿಂಚಣಿಗೆಂದು ಇಟ್ಟ ನಿಧಿಯಿಂದ 2.83 ಕೋಟಿ ರೂಪಾಯಿಯನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಬೇರೆ ಯೋಜನೆಗಳ ಪ್ರಚಾರ ಫಲಕಗಳಿಗೆ ತಿರುಗಿಸಿತ್ತೆಂದು ವರದಿ ದಾಖಲಿಸಿತು. ಮೊತ್ತ ರಾಷ್ಟ್ರದ ಆಯವ್ಯಯದಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕದು. ಆದರೆ 200 ರೂಪಾಯಿಯ ಅಳತೆಯಲ್ಲಿ ಅದು 1,41,500 ಮಾಸಿಕ ಕಂತುಗಳಾಗುತ್ತದೆ. ಮುಪ್ಪಿನವರ ಅನ್ನದ ಹಣದಿಂದ ಕೊಡುವವರ ಕೀರ್ತಿಯನ್ನು ಬೀದಿಯಲ್ಲಿ ನಿಲ್ಲಿಸುವುದು ಅಲ್ಲಿ ಯಾರಿಗೂ ಅಸಹಜವೆನಿಸಲಿಲ್ಲ ಎಂಬುದೇ ಈ ಪ್ರಕರಣದ ಅತ್ಯಂತ ನೋವಿನ ಭಾಗ. ಹೆಸರಿಲ್ಲದೆ ಕೊಟ್ಟ ಗುಪ್ತದಾನವನ್ನು ಮೇಲೆಂದು ಬಗೆದ ಪರಂಪರೆ ದಾನದ ನೆಲೆಯಿಂದಲೂ ಇದನ್ನು ಒಪ್ಪಲಾರದು.

ಇನ್ನೊಂದು ವರದಿ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯನ್ನು ಒದಗಿಸುವ, ಕರ್ನಾಟಕದಲ್ಲಿ ಆರೋಗ್ಯ ಕರ್ನಾಟಕದೊಡನೆ ಬೆಸೆದುಕೊಂಡಿರುವ, ಆಯುಷ್ಮಾನ್ ಭಾರತ್ ಯೋಜನೆಯ ಕುರಿತಾದದ್ದು. ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಒಂಬತ್ತು ಎಂಬ ಅಂಕಿಯನ್ನೇ ಹತ್ತು ಬಾರಿ ಬರೆದ ಒಂದೇ ಮೊಬೈಲ್ ಸಂಖ್ಯೆ ಇತ್ತೆಂದೂ, ದತ್ತಾಂಶದಲ್ಲಿ ಮೊದಲೇ ಮೃತರೆಂದು ತೋರಿಸಿದ್ದ 3,446 ರೋಗಿಗಳ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಪಾವತಿಯಾಗಿತ್ತೆಂದೂ ಅದು ಹೇಳಿತು. ಅರ್ಹತೆಯನ್ನು ನಿರ್ಧರಿಸುವುದರಲ್ಲಿ ಮೊಬೈಲ್ ಸಂಖ್ಯೆಗೆ ಪಾತ್ರವಿಲ್ಲವೆಂದು ಸರ್ಕಾರ ಕೊಟ್ಟ ಸಮಜಾಯಿಷಿಯನ್ನು ಮಾನ್ಯ ಮಾಡಬಹುದು. ಆದರೆ ಚಿಕಿತ್ಸೆ ದೊರೆಯಿತೇ ಎಂದು ರೋಗಿಯನ್ನೇ ಕೇಳಲು ಬಳಸಬಹುದಾದ ಸಂಖ್ಯೆ ಅದೇ ಆಗಿದ್ದುದರಿಂದ, ಅದನ್ನು ಹೇಗೋ ತುಂಬಿಬಿಟ್ಟರೆ ಸಾಕೆಂಬ ಧೋರಣೆಯಲ್ಲಿ ಪಡೆಯುವವರ ಮಾತನ್ನು ಕೇಳುವ ಅಗತ್ಯವೇ ಯಾರಿಗೂ ತೋರಿರಲಿಲ್ಲವೆಂಬುದು ಹೊರಬೀಳುತ್ತದೆ. ಇದೇ ಪ್ರಭುತ್ವವು ವೃದ್ಧರಿಂದ ತಾವು ಬದುಕಿರುವುದಕ್ಕೆ ಪುರಾವೆ ಕೇಳುತ್ತದೆ. ಬೆರಳಚ್ಚು ಯಂತ್ರಕ್ಕೆ ಸಿಗದಿದ್ದರೆ ಬಟವಾಡೆ ನಿಲ್ಲುತ್ತದೆ. ಋಣಿಯು ಋಣದಾತನಿಂದ ಲೆಕ್ಕ ಕೇಳುವ ಈ ತಿರುವುಮುರುವು ದಾನದ ಕಲ್ಪನೆಯಿಂದಲೇ ಹುಟ್ಟಿದ್ದು.

ಕನ್ನಡದ ಶರಣ ಪರಂಪರೆಯಲ್ಲಿ ಈ ವಿಷಯಕ್ಕೆ ನೇರವಾಗಿ ತಾಕುವ ಪುರಾಣಕಥನವೊಂದಿದೆ. ಬಸವಣ್ಣನವರು ಬಿಜ್ಜಳನ ಭಂಡಾರಿ, ಎಂದರೆ ಬೊಕ್ಕಸದ ಹೊಣೆ ಹೊತ್ತ ಅಧಿಕಾರಿ. ಅರಸನ ಹಣವನ್ನು ಜಂಗಮರ ದಾಸೋಹಕ್ಕೆ ಸುರಿಯುತ್ತಿದ್ದಾರೆಂಬ ದೂರು ಬಂದಾಗ ಭಂಡಾರವನ್ನು ತೆರೆಸಿ ಎಣಿಸಲಾಯಿತೆಂದೂ, ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದೂ ಬಸವಪುರಾಣದ ಪರಂಪರೆ ಹೇಳುತ್ತದೆ. ಭಕ್ತರು ಇದನ್ನು ಪವಾಡವೆಂದು ಓದುತ್ತಾರೆ, ಓದಲಿ. ಆದರೆ ತಾತ್ವಿಕವಾಗಿ ಹೆಚ್ಚು ಬೆಲೆಬಾಳುವುದು ಎಣಿಕೆಯ ಫಲಿತಾಂಶಕ್ಕಿಂತ ಎಣಿಕೆ ನಡೆಯಿತೆಂಬ ಸಂಗತಿ. ಹಸಿದವರಿಗೆ ಉಣಿಸಿದ್ದೇನೆ, ಲೆಕ್ಕವೇಕೆ ಎಂಬ ಮಾತನ್ನು ಪುರಾಣಕಾರರು ತಮ್ಮ ಆರಾಧ್ಯನ ಬಾಯಲ್ಲಿಯೂ ಹಾಕಲಿಲ್ಲ; ಉದ್ದೇಶದ ಪಾವಿತ್ರ್ಯ ಲೆಕ್ಕದಿಂದ ವಿನಾಯಿತಿ ತಂದುಕೊಡುವುದಿಲ್ಲವೆಂಬ ಅರಿವು ಆ ಕಥೆಯ ಕಟ್ಟಿನಲ್ಲೇ ಇದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಇನ್ನೂ ಕಠಿಣವಾದದ್ದು. ದಾಸೋಹಕ್ಕೆಂದೇ ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಆಕೆ ಹೇಳಿದಳು. ಲೆಕ್ಕ ಕೇಳಿದವಳು ಅಧಿಕಾರಿಯಲ್ಲ, ಅದೇ ಅಕ್ಕಿಯನ್ನು ಬೇಯಿಸಿ ಬಡಿಸುವವಳು. ಪರಿಶೋಧನೆಯ ಹಕ್ಕು ಒಲೆಯ ಬಳಿ ನಿಂತವರಿಗೂ ಸೇರಿದ್ದೆಂದು ಇಷ್ಟು ಖಚಿತವಾಗಿ ತೋರಿಸುವ ಕಥೆ ವಿರಳ.

ಲೆಕ್ಕದ ಒತ್ತಾಯವೇ ಆರೈಕೆಯನ್ನು ತಿಂದುಹಾಕಬಲ್ಲದೆಂಬ ಆಕ್ಷೇಪವನ್ನು ಇಲ್ಲಿ ಹಗುರವಾಗಿ ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ತತ್ತ್ವಶಾಸ್ತ್ರಜ್ಞೆ ಒನೋರಾ ಓನೀಲ್ ಬಿಬಿಸಿಯ 2002ರ ರೀತ್ ಉಪನ್ಯಾಸಗಳಲ್ಲಿ, ಗುರಿ ಮತ್ತು ಅಂಕಿಗಳ ಮೂಲಕ ನಡೆಸುವ ಅತಿಯಾದ ನಿಗಾ ವೃತ್ತಿಪರರ ನಿಜವಾದ ಕೆಲಸವನ್ನು ವಿಕೃತಗೊಳಿಸಿ, ತಾನು ಗಟ್ಟಿಗೊಳಿಸಬೇಕಾದ ನಂಬಿಕೆಯನ್ನೇ ಕೆಡಿಸುತ್ತದೆಂದು ವಾದಿಸಿದರು. ಬಾಣಂತಿಯ ಪಕ್ಕದಲ್ಲಿರಬೇಕಾದ ಆಶಾ ಕಾರ್ಯಕರ್ತೆ ಮೊಬೈಲಿನಲ್ಲಿ ನಮೂನೆ ತುಂಬುತ್ತ ಕುಳಿತಿರುವುದನ್ನು ಕಂಡವರಿಗೆ ಈ ವಾದವನ್ನು ವಿವರಿಸಬೇಕಾಗಿಲ್ಲ. ಆದರೆ ಈ ಆಕ್ಷೇಪ ತಾಕುವುದು ಮೇಲಕ್ಕೆ ಒಪ್ಪಿಸುವ ಲೆಕ್ಕಕ್ಕೆ. ದೂರದಲ್ಲಿ ಕುಳಿತವರಿಗೆ ಆರೈಕೆಯನ್ನು ನೋಡುವ ಬೇರೆ ಕಣ್ಣಿಲ್ಲದ್ದರಿಂದ ಅವರು ಅಂಕಿಯನ್ನು ಕೇಳುತ್ತಾರೆ. ಆರೈಕೆ ಪಡೆದವರು ದಾದಿಯ ಕೈಯ ಮೃದುತ್ವವನ್ನೂ ಒರಟುತನವನ್ನೂ ಬಲ್ಲವರಾದ್ದರಿಂದ ಅವರಿಗೆ ನಮೂನೆಗಳ ಅಗತ್ಯ ಬಹಳ ಕಡಿಮೆ.

ಕೆಳಮುಖವಾಗಿ ಲೆಕ್ಕ ಒಪ್ಪಿಸುವ ಪ್ರಯೋಗಗಳು ಇಲ್ಲದಿಲ್ಲ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ನಡೆಸಿದ ಜನಸುನವಾಯಿಗಳಲ್ಲಿ, ಅಂದರೆ ಬಹಿರಂಗ ವಿಚಾರಣೆಗಳಲ್ಲಿ, ಹಾಜರಿ ಪಟ್ಟಿಗಳನ್ನೂ ಬಿಲ್ಲುಗಳನ್ನೂ ಊರಿನವರೆದುರು ಗಟ್ಟಿಯಾಗಿ ಓದಲಾಯಿತು. 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿಮಾಡಿದ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅವು ಸೇರಿವೆ. ಸಾಮಾಜಿಕ ಲೆಕ್ಕಪರಿಶೋಧನೆ, ಅಂದರೆ ಯೋಜನೆಯ ದಾಖಲೆಯನ್ನು ಅದರ ಫಲಾನುಭವಿಗಳೇ ಸಭೆಯಲ್ಲಿ ನಿಜಸ್ಥಿತಿಯೊಡನೆ ಹೋಲಿಸಿ ನೋಡುವ ಕ್ರಮ, ಉದ್ಯೋಗ ಖಾತರಿಯ ಕಾಮಗಾರಿಗಳಿಗೆ ಕಾನೂನಿನಿಂದಲೇ ಬಂತು. ಇತರ ಯೋಜನೆಗಳಿಗೂ ಅನ್ವಯಿಸುವಂತೆ ಪ್ರತ್ಯೇಕ ಕಾಯ್ದೆಯನ್ನು ಮೊದಲು ಮಾಡಿದ್ದು ಮೇಘಾಲಯ, 2017ರಲ್ಲಿ. ಆಡಳಿತದ ಮಾತನ್ನು ಜನರೆದುರು ಓದಿ ಕೇಳಿಸುವ ಕಲ್ಪನೆ ಈ ನೆಲಕ್ಕೆ ಹೊಸದೂ ಅಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿರುವ ಅಶೋಕನ ಪ್ರತ್ಯೇಕ ಶಾಸನಗಳು ಅಧಿಕಾರಿಗಳನ್ನು ಉದ್ದೇಶಿಸಿ ಹೊರಡಿಸಿದವು; ಆದರೂ ತಿಷ್ಯ ನಕ್ಷತ್ರದ ದಿನಗಳಲ್ಲಿ ಅವುಗಳನ್ನು ಓದಿ ಕೇಳಿಸಬೇಕು, ಒಬ್ಬನೇ ಇದ್ದರೂ ಕೇಳಿಸಬೇಕು ಎಂಬ ವಿಧಿ ಅವುಗಳಲ್ಲಿದೆ.

ಆದರೆ ಆಸ್ಪತ್ರೆಯ ಲೆಕ್ಕ ರಸ್ತೆ ಕಾಮಗಾರಿಯ ಲೆಕ್ಕದಂತಲ್ಲ. ಯಾರಿಗೆ ಕ್ಷಯ, ಯಾರಿಗೆ ಮನೋರೋಗ, ಯಾರಿಗೆ ಗರ್ಭಪಾತವಾಯಿತೆಂಬುದನ್ನು ಊರೆದುರು ಓದುವಂತಿಲ್ಲ; ಗುಟ್ಟನ್ನು ಕಾಪಾಡುವುದೂ ರೋಗಿಗೆ ಸಲ್ಲಬೇಕಾದ ಋಣದ ಒಂದು ಭಾಗ. ಹಾಗೆಂದು ಔಷಧದ ದಾಸ್ತಾನು, ಖಾಲಿಯಿರುವ ವೈದ್ಯರ ಹುದ್ದೆ, ಉಚಿತವೆಂದ ಚಿಕಿತ್ಸೆಗೆ ವಸೂಲಾದ ಹಣ, ಪಿಂಚಣಿ ತಡವಾದ ತಿಂಗಳುಗಳು, ಖರ್ಚಾಗದೆ ಹಿಂದಿರುಗಿದ ಮೊತ್ತ ಇವುಗಳಲ್ಲಿ ಯಾವುದೂ ಯಾರ ಗುಟ್ಟೂ ಅಲ್ಲ, ಗ್ರಾಮಸಭೆಯಲ್ಲಿ ಪ್ರತಿ ವರ್ಷ ಓದಲು ಯಾವ ಅಡ್ಡಿಯೂ ಇಲ್ಲ. ಸಭೆಗೆ ಎದ್ದು ಬರಲಾರದವರ ವಿಷಯ ಇದಕ್ಕಿಂತ ಕಷ್ಟದ್ದು. ಮರೆವಿನ ರೋಗದ ಮುದುಕಿಗೂ ಮಾತು ಬಾರದ ಮಗುವಿಗೂ ಋಣದಾತರ ಸ್ಥಾನ ಉಳಿದವರಷ್ಟೇ ಪೂರ್ಣವಾಗಿ ಇದೆ, ಆದರೆ ಕೇಳುವ ಶಕ್ತಿ ಇಲ್ಲ. ಅವರ ಪರವಾಗಿ ಕೇಳುವ ಅಧಿಕಾರವನ್ನು ಅವರನ್ನು ನೋಡಿಕೊಳ್ಳುವ ಮಗಳಿಗೋ ನೆರೆಯವರಿಗೋ ಕಾನೂನು ಸ್ಪಷ್ಟವಾಗಿ ಕೊಡಬೇಕು, ಮತ್ತು ಲೆಕ್ಕ ಒಪ್ಪಿಸಬೇಕಾದ ಅಧಿಕಾರಿ ಅಂಥವರ ಮನೆಬಾಗಿಲಿಗೇ ಹೋಗಬೇಕು.